ಬಲ್ಲವರ ನಗು

ನಲವತ್ತೇಳು ಎಂಬ ಸಂಖ್ಯೆಯಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ವೈಜ್ಞಾನಿಕ ಕಥಾಮಾಲೆಯ ಅಭಿಮಾನಿಗಳ ನಡುವೆ ಕುಳಿತು ಆ ಸಂಖ್ಯೆಯನ್ನು ಒಮ್ಮೆ ಉಚ್ಚರಿಸಿ ನೋಡಿ. ಒಂದು ಮುಗುಳ್ನಗೆ ಮುಖದಿಂದ ಮುಖಕ್ಕೆ ಹಾದುಹೋಗುತ್ತದೆ. 1966ರಲ್ಲಿ ಆರಂಭವಾದ ಆ ಮಾಲೆಯಿಂದ ಮುಂದೆ ಕವಲೊಡೆದ ಸರಣಿಗಳಲ್ಲಿ ಕೋಣೆಯ ಸಂಖ್ಯೆಯಾಗಿ, ಉಳಿದ ನಿಮಿಷಗಳ ಲೆಕ್ಕವಾಗಿ, ಯಂತ್ರದ ಪರದೆಯ ಮೇಲಿನ ಅಂಕಿಯಾಗಿ ಈ 47 ಮತ್ತೆ ಮತ್ತೆ ಇಣುಕುತ್ತದೆ. ಕಾರಣ ಬಲು ಸಣ್ಣದು. ಆ ಸರಣಿಗೆ ಕಥೆ ಬರೆಯುತ್ತಿದ್ದ ಜೋ ಮೆನೋಸ್ಕಿ ಓದಿದ್ದು ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ. ಅಲ್ಲಿ 1964ರಲ್ಲಿ ಡೊನಾಲ್ಡ್ ಬೆಂಟ್ಲಿ ಎಂಬ ಗಣಿತದ ಅಧ್ಯಾಪಕರು ಎಲ್ಲ ಸಂಖ್ಯೆಗಳೂ 47ಕ್ಕೆ ಸಮವೆಂದು ತಮಾಷೆಗಾಗಿ 'ಸಾಧಿಸಿ' ತೋರಿಸಿದ್ದರು. ವಿದ್ಯಾರ್ಥಿಗಳಿಗೆ ಅಂದಿನಿಂದ ಕಂಡಕಂಡಲ್ಲೆಲ್ಲ 47. ಒಂದು ಕಾಲೇಜಿನ ಅಂಗಳದ ಆ ತಮಾಷೆಯನ್ನು ಮೆನೋಸ್ಕಿ ತಮ್ಮೊಡನೆ ಆಕಾಶನೌಕೆಗೆ ಹತ್ತಿಸಿಕೊಂಡರು. ಪೊಮೋನಾ ಎಂಬುದು ಊರೋ ಹಣ್ಣೋ ತಿಳಿಯದ ಕೋಟಿಗಟ್ಟಲೆ ಜನ ಇಂದು ಆ ತಮಾಷೆಯಲ್ಲಿ ಪಾಲುದಾರರು.

ಇದನ್ನು ನನಗೆ ತಿಳಿಸಿದವಳು ಮಗಳು. ದೋಹಾದಲ್ಲಿಯೇ ಹುಟ್ಟಿ ಬೆಳೆದು ಈಗ ಹನ್ನೊಂದನೆಯ ತರಗತಿಯಲ್ಲಿರುವ ಆಕೆಗೆ ವಾರಾಂತ್ಯವೆಂದರೆ ಕತಾರ್ ರಾಷ್ಟ್ರೀಯ ಗ್ರಂಥಾಲಯ. ಮೆಟ್ರೋದ ಹಸಿರು ಮಾರ್ಗದಲ್ಲಿ ಗ್ರಂಥಾಲಯದ ಹೆಸರಿನದೇ ನಿಲ್ದಾಣವಿರುವುದರಿಂದ ಬೇಸಗೆಯ ಬಿಸಿಲಿಗೂ ಅಂಜಬೇಕಾಗಿಲ್ಲ. ಅಲ್ಲಿ ಓದಿದ್ದು ಸಾಲದೆಂಬಂತೆ ಒಂದೆರಡು ವರ್ಷಗಳಿಂದ ತಾನೂ ಬರೆಯತೊಡಗಿದ್ದಾಳೆ. ಬರೆಯುವುದು ಸ್ವತಂತ್ರ ಕಥೆಗಳನ್ನಲ್ಲ. ಬೇರೊಬ್ಬರು ಕಟ್ಟಿದ ಲೋಕದಲ್ಲಿ ತನ್ನದೊಂದು ಮೂಲೆಯನ್ನು ಹಿಡಿದು ಬೆಳೆಸುವ ಕಥೆಗಳನ್ನು. ಮೂಲದಲ್ಲಿ ಎರಡು ಮಾತಾಡಿ ಮರೆಯಾದ ಪಾತ್ರ ಇಲ್ಲಿ ನಾಯಕನಾಗಬಹುದು. ಮೂಲದ ನಾಯಕ ಬಾಗಿಲ ಬಳಿ ಸುಮ್ಮನೆ ಹಾದುಹೋಗಬಹುದು. ಇವನ್ನು ಕವಲು ಕಥೆಗಳೆಂದು ಕರೆಯೋಣ. ಅವುಗಳ ಒಳಗೆ, ಮೂಲವನ್ನು ಬಲ್ಲವನಿಗೆ ಮಾತ್ರ ಹೊಳೆಯುವಂತೆ ಹುದುಗಿಸಿಟ್ಟ ಎರವಲು ಮಾತುಗಳಿರುತ್ತವೆ. ಒಳಗಿನವರ ನಗೆಯಾದ್ದರಿಂದ ಅವಕ್ಕೆ 'ಒಳನಗೆ' ಎನ್ನಬಹುದೇನೋ.

ವೈಜ್ಞಾನಿಕ ಕಥೆಗಳ ಲೋಕದಲ್ಲಿ ಈ ಎರವಲಿಗೆ ದೊಡ್ಡ ಪರಂಪರೆಯೇ ಇದೆ. ನನಗೆ ಬಹಳ ಹಿಡಿಸಿದ್ದು 'ಆನ್ಸಿಬಲ್' ಎಂಬ ಪದದ ಪ್ರಯಾಣ. ನಕ್ಷತ್ರದಿಂದ ನಕ್ಷತ್ರಕ್ಕೆ ಬೆಳಕು ಸಾಗಲು ವರ್ಷಗಳೇ ಬೇಕು. ಹಾಗಿರುವಾಗ ದೂರದ ಲೋಕಕ್ಕೆ ಹೋದವನು ಮನೆಗೆ ಒಂದು ಮಾತು ಕಳುಹಿಸುವುದು ಹೇಗೆ? ಅರ್ಸುಲಾ ಲೆ ಗ್ವಿನ್ ತಮ್ಮ 1966ರ 'ರೊಕಾನನ್ಸ್ ವರ್ಲ್ಡ್' ಕಾದಂಬರಿಯಲ್ಲಿ, ಎಷ್ಟೇ ದೂರಕ್ಕಾದರೂ ಆ ಕ್ಷಣವೇ ಮಾತು ಮುಟ್ಟಿಸುವ ಯಂತ್ರವೊಂದನ್ನು ಕಲ್ಪಿಸಿ ಅದಕ್ಕೆ ಈ ಹೆಸರಿಟ್ಟರು. ಇಪ್ಪತ್ತು ವರ್ಷ ತುಂಬುವ ಮೊದಲೇ, 1985ರಲ್ಲಿ, ಆರ್ಸನ್ ಸ್ಕಾಟ್ ಕಾರ್ಡ್ ತಮ್ಮ 'ಎಂಡರ್ಸ್ ಗೇಮ್' ಕಾದಂಬರಿಗೆ ಅಂಥದೇ ಯಂತ್ರವನ್ನು ತಂದರು, ಅದೇ ಹೆಸರಿನಿಂದ. ಅಷ್ಟೇ ಅಲ್ಲ, ಯಾರೋ ಈ ಹೆಸರನ್ನು ಯಾವುದೋ ಹಳೆಯ ಪುಸ್ತಕದಿಂದ ಎತ್ತಿಕೊಂಡರಂತೆ ಎಂದು ಒಂದು ಪಾತ್ರದ ಬಾಯಿಂದ ಹೇಳಿಸಿಯೂ ಬಿಟ್ಟರು. ಲೆ ಗ್ವಿನ್ನರನ್ನು ಓದಿದವನಿಗೆ ಅದು ಗುರುವಂದನೆ. ಓದದವನಿಗೆ ಅದು ಆ ಕಲ್ಪಿತ ಲೋಕದ ಒಂದು ಸಣ್ಣ ಸಂಗತಿ. ಅವನು ಎಡವುವುದಿಲ್ಲ, ಮುಂದಕ್ಕೆ ಓದುತ್ತಾನೆ. ಎರವಲು ಹೀಗಿರಬೇಕು ಎನ್ನಿಸುತ್ತದೆ ನನಗೆ.

ಬ್ರಿಟಿಷರ 'ಡಾಕ್ಟರ್ ಹೂ' ಮಾಲೆಯಲ್ಲಿ ಇನ್ನೊಂದು ಬಗೆಯದಿದೆ. 1979ರಲ್ಲಿ ಅದರ ಕಥಾ ಸಂಪಾದಕರಾಗಿದ್ದವರು ಡಗ್ಲಸ್ ಆಡಮ್ಸ್. ಅದರ ಹಿಂದಿನ ವರ್ಷವಷ್ಟೇ ಅವರ 'ಹಿಚ್‌ಹೈಕರ್ಸ್ ಗೈಡ್' ರೇಡಿಯೋ ನಾಟಕವಾಗಿ ಬಂದು ಹೆಸರು ಮಾಡಿತ್ತು. ಆ ನಾಟಕದಲ್ಲಿ ಬರುವ ಒಬ್ಬ ಗ್ರಂಥಕರ್ತನ ಪುಸ್ತಕವನ್ನು 'ಡಾಕ್ಟರ್' ಒಂದು ಕಂತಿನಲ್ಲಿ ಕೈಯಲ್ಲಿ ಹಿಡಿದು ಓದುತ್ತಾನೆ. ಒಂದು ಕ್ಷಣ ಎರಡು ಕಲ್ಪಿತ ಲೋಕಗಳ ನಡುವಿನ ಗೋಡೆಯಲ್ಲಿ ಕಿಟಕಿ ತೆರೆದಂತೆ. ಮುಂದೆ 2006ರಲ್ಲಿ ಆ ಮಾಲೆಗೆ 'ಟಾರ್ಚ್‌ವುಡ್' ಎಂಬ ಕವಲು ಮೂಡಿತು. 'ಡಾಕ್ಟರ್ ಹೂ' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಮತ್ತೆ ಜೋಡಿಸಿದರೆ 'ಟಾರ್ಚ್‌ವುಡ್' ಆಗುತ್ತದೆ. ನಮ್ಮ ಲಿಪಿಯಲ್ಲಿ ಈ ಚಮತ್ಕಾರ ನಡೆಯದು. ಒತ್ತಕ್ಷರಗಳು ಕಲಸಲು ಒಪ್ಪುವುದಿಲ್ಲ. ಹಾಗೆಂದು ನಾವೇನೂ ಬಡವರಲ್ಲ. ಚಂದ್ರಹಾಸನಿಗೆ ವಿಷವನ್ನು ಕೊಡು ಎಂದು ದುಷ್ಟಬುದ್ಧಿ ಮಗನಿಗೆ ಬರೆದ ಓಲೆಯನ್ನು ಕಾಡಿಗೆಯಿಂದ ತಿದ್ದಿ, ತನ್ನ ಹೆಸರಾದ 'ವಿಷಯೆ'ಯನ್ನು ಕೊಡು ಎಂದು ಮಾಡಿ, ಸಾವಿನ ಓಲೆಯನ್ನು ಮದುವೆಯ ಓಲೆಯಾಗಿಸಿದ ಹುಡುಗಿಯ ಜಾಣ್ಮೆಯನ್ನು ಇಂಗ್ಲಿಷಿನಲ್ಲಿ ಹೇಳಲು ಒಮ್ಮೆ ಪ್ರಯತ್ನಿಸಿ ನೋಡಿ!

ಆ ಚಂದ್ರಹಾಸನ ಮಾತು ಬಂದದ್ದು ಒಳ್ಳೆಯದಾಯಿತು. ಯಕ್ಷಗಾನದಲ್ಲಿ 'ಚಂದ್ರಹಾಸ ಚರಿತ್ರೆ'ಯನ್ನೋ 'ಸುಧನ್ವಾರ್ಜುನ'ವನ್ನೋ ನೋಡಿ ಬೆಳೆದ ನಮ್ಮಲ್ಲಿ ಅನೇಕರಿಗೆ ಅವು ವ್ಯಾಸಭಾರತದವೆಂಬ ನಂಬಿಕೆ. ಅವು ಬಂದದ್ದು ಜೈಮಿನಿಯ ಹೆಸರಿನ ಭಾರತದಿಂದ. ಅದು ಅಶ್ವಮೇಧದ ಒಂದು ಪರ್ವವನ್ನು ಮಾತ್ರ ಹಿಡಿದು, ಕುದುರೆ ಹೋದ ಹೋದ ಊರುಗಳಲ್ಲೆಲ್ಲ ಹೊಸ ಕಥೆ ಹುಟ್ಟಿಸುತ್ತ ಬೆಳೆದ ಗ್ರಂಥ. ದೇವನೂರಿನ ಲಕ್ಷ್ಮೀಶ ಅದನ್ನು ವಾರ್ಧಕ ಷಟ್ಪದಿಯಲ್ಲಿ ಕನ್ನಡಕ್ಕೆ ತಂದ ಮೇಲೆ ಮನೆಮನೆಗಳಲ್ಲಿ ಅದನ್ನು ರಾಗವಾಗಿ ಓದಿದರು. ಮಗಳ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಶುದ್ಧ ಕವಲು ಕಥೆ. ಮೂಲದ ಮುಖ್ಯ ಘಟನೆ ಮುಗಿದಿದೆ, ಯುದ್ಧ ತೀರಿದೆ, ವೀರರು ಬಳಲಿದ್ದಾರೆ. ಇನ್ನು ಹೊಸ ಊರು, ಹೊಸ ಹುಡುಗರು. ಹೀಗೆಂದು ಹೇಳಿದಾಗ ಅವಳಿಗೆ ಲಕ್ಷ್ಮೀಶನ ಮೇಲೆ ತಟ್ಟನೆ ಗೌರವ ಹುಟ್ಟಿತು. ಪಠ್ಯಪುಸ್ತಕದ ಕವಿಪರಿಚಯದಿಂದ ಹುಟ್ಟದ ಗೌರವ ಅದು.

ಒಳನಗೆಯೂ ನಮಗೆ ಹೊಸತಲ್ಲ. ಗದುಗಿನ ಕುಮಾರವ್ಯಾಸ ತನ್ನ ಭಾರತದ ಪೀಠಿಕೆಯಲ್ಲಿ, ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕುತ್ತಿದ್ದಾನೆ, ಕಾಲಿಡಲೂ ತೆರಪಿಲ್ಲ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಅದು ಕವಿಗಳ ಓಣಿಯ ನಗೆ. ಅಕ್ಕಪಕ್ಕದ ಮನೆಗಳಲ್ಲೆಲ್ಲ ರಾಮಾಯಣವೇ ಬೇಯುತ್ತಿದೆ ಎಂದು ಬಲ್ಲವನಿಗೆ ಅದರ ಪೂರ್ಣ ರುಚಿ. ಆದರೆ ಆ ಕವಿಗಳಲ್ಲಿ ಒಬ್ಬನ ಹೆಸರೂ ಗೊತ್ತಿಲ್ಲದ ನಾವೂ ನಗುತ್ತೇವೆ. ಏಕೆಂದರೆ ಬೆನ್ನು ಬಾಗಿಸಿ ತಿಣುಕುವ ಆದಿಶೇಷ ಕಣ್ಣಿಗೆ ಕಟ್ಟುತ್ತಾನೆ.

ಪಂಪನದಂತೂ ಇನ್ನೂ ಆಳದ ಸಂಗತಿ. 941ರಲ್ಲಿ ಮುಗಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅವನು ಮಹಾಭಾರತದ ಅರ್ಜುನನನ್ನೂ ತನ್ನ ಒಡೆಯನಾದ ಅರಿಕೇಸರಿಯನ್ನೂ ಒಂದಾಗಿಸಿ, ಗುಣಾರ್ಣವನೆಂಬಂಥ ಅರಿಕೇಸರಿಯ ಬಿರುದುಗಳಿಂದ ಅರ್ಜುನನನ್ನು ಕರೆದ. ಆಸ್ಥಾನದಲ್ಲಿ ಕಾವ್ಯ ಕೇಳುತ್ತ ಕುಳಿತವರಿಗೆ ಆ ಬಿರುದುಗಳು ಕಿವಿಗೆ ಬಿದ್ದಾಗಲೆಲ್ಲ ಕಣ್ಣು ಸಿಂಹಾಸನದ ಕಡೆಗೆ ಹೊರಳಿರಬೇಕು. ಇವು ಆ ಕಾಲದ ಒಳಮಾತುಗಳು. ಇಂದು ಟಿಪ್ಪಣಿ ನೋಡದೆ ನಮಗೆ ತಾಗುವುದಿಲ್ಲ. ಆದರೆ ಅದೇ ಕಾವ್ಯದಲ್ಲಿ ಅರ್ಜುನ ತೀರ್ಥಯಾತ್ರೆಯ ದಾರಿಯಲ್ಲಿ ಬನವಾಸಿಯ ಸೀಮೆಗೆ ಬರುತ್ತಾನೆ. ಆ ನಾಡಿನ ಮೇಲೆ ಅಲ್ಲಿ ಉಕ್ಕುವ ಹಂಬಲ ಪಾಂಡುಪುತ್ರನದೆಂದು ನಂಬುವ ಓದುಗ ಯಾರೂ ಇಲ್ಲ. ಕವಿ ಕುಳಿತಿದ್ದುದು ವೇಮುಲವಾಡದಲ್ಲಿ, ಇಂದಿನ ತೆಲಂಗಾಣದಲ್ಲಿ. ಮನಸ್ಸು ಇದ್ದುದು ಬನವಾಸಿಯಲ್ಲಿ. ಮಹಾಭಾರತದ ಕಥೆಗೆ ಆ ಊರಿನಿಂದ ಆಗಬೇಕಾದ ಕೆಲಸವೇನೂ ಇರಲಿಲ್ಲ. ತನ್ನೊಬ್ಬನಿಗೆ ಬೇಕಾದ ಊರನ್ನು ಅವನು ಬೇರೊಬ್ಬರ ಕಥೆಯೊಳಗೆ ಸೇರಿಸಿಬಿಟ್ಟ. ಸಾವಿರ ವರ್ಷದ ಮೇಲೆ, ವೇಮುಲವಾಡವನ್ನೂ ಬನವಾಸಿಯನ್ನೂ ಕಾಣದ ನಾವು ಮರಳುಗಾಡಿನ ಅಂಚಿನಲ್ಲಿ ಕುಳಿತು ಆ ಪದ್ಯಗಳನ್ನು ನೆನೆಯುವಾಗ ಗಂಟಲು ಕಟ್ಟುತ್ತದೆ. ರಾಜನನ್ನು ಮೆಚ್ಚಿಸಲು ಇಟ್ಟ ಒಳಮಾತಿಗೆ ಟಿಪ್ಪಣಿ ಬೇಕಾಯಿತು. ತನಗಾಗಿ ಇಟ್ಟದ್ದಕ್ಕೆ ಬೇಕಾಗಲಿಲ್ಲ.

ಇನ್ನು ನಮ್ಮ ವೈಜ್ಞಾನಿಕ ಕಥೆಗಳ ಕಡೆಗೆ ಬರುತ್ತೇನೆ. ರಾಜಶೇಖರ ಭೂಸನೂರಮಠ, ಮನು ಮೊದಲಾದವರು ಶ್ರದ್ಧೆಯಿಂದ ಬೆಳೆಸಿದರೂ ಕನ್ನಡದಲ್ಲಿ ಆ ಕಪಾಟು ಚಿಕ್ಕದೇ. ಒಳನಗೆ ಹುಟ್ಟಲು ಎಲ್ಲರೂ ಓದಿದ ಒಂದು ಸಾಲು ಪುಸ್ತಕಗಳು ಬೇಕು. ಅಂಥ ಸಾಲು ವೈಜ್ಞಾನಿಕ ಕಥೆಗಳಲ್ಲಿ ಇಲ್ಲದಿದ್ದಾಗ ಲೇಖಕನ ಕೈ ತಾನಾಗಿಯೇ ಎಲ್ಲರಿಗೂ ಗೊತ್ತಿರುವ ಇನ್ನೊಂದು ಸಾಲಿನ ಕಡೆಗೆ, ಪುರಾಣಗಳ ಕಡೆಗೆ, ಚಾಚುತ್ತದೆ. ಮನು ಅವರ 'ಮಹಾಸಂಪರ್ಕ' ಮಹಾಭಾರತವನ್ನೇ ವೈಜ್ಞಾನಿಕ ಕಾದಂಬರಿಯಾಗಿ ನೋಡಿದ ಕೃತಿ. ಅನ್ಯಲೋಕದವರು, ದಿವ್ಯಾಸ್ತ್ರಗಳು, ವರಗಳು ಎಲ್ಲಕ್ಕೂ ಬೇರೊಂದು ಅರ್ಥ ತೊಡಿಸುವ ಸಾಹಸ. ಅಂಥ ಕಾದಂಬರಿಯನ್ನು ಓದುವ ಸುಖದ ಅರ್ಧ ಪಾಲು, ಗೊತ್ತಿರುವ ಪ್ರಸಂಗವೊಂದು ಹೊಸ ವೇಷದಲ್ಲಿ ಬಂದಾಗ ಥಟ್ಟನೆ ಗುರುತು ಹಿಡಿಯುವುದರಲ್ಲಿದೆ. ಮಹಾಭಾರತ ತಿಳಿಯದವನಿಗೆ ಆ ಪಾಲು ಸಿಗದು. ನಮ್ಮ ಮಕ್ಕಳು ಎಷ್ಟರಮಟ್ಟಿಗೆ ಆ 'ತಿಳಿಯದವರು' ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ.

ಸಿನೆಮಾದಲ್ಲಿ ಎರವಲು ಇನ್ನೂ ಸರಾಗ. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದಾಗ, ಅದರ ಹಿಂದೆ 007 ಎಂಬ ಇನ್ನೊಂದು ಮೂರಂಕಿ ನಿಂತಿದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೊನ್ನೆ ಮನೆಯಲ್ಲಿ ಉಪೇಂದ್ರರ 'ಹಾಲಿವುಡ್' ನೋಡುತ್ತಿದ್ದೆವು. 2002ರಲ್ಲಿ ಬಂದದ್ದು, ಮನುಷ್ಯನನ್ನೇ ಹೋಲುವ ಯಂತ್ರಮಾನವನ ಕಥೆ. ಆ ಯಂತ್ರದ ಹೆಸರು ಯು.ಎಸ್. 47 ಎಂದು ಕೇಳಿದೊಡನೆ ಮಗಳು ಸೋಫಾದಿಂದ ಎದ್ದೇ ನಿಂತಳು. "ಅಮ್ಮಾ, ನಲವತ್ತೇಳು!" ಅವಳ ಮಟ್ಟಿಗೆ ಕನ್ನಡ ಚಿತ್ರವೊಂದು ಪೊಮೋನಾ ಕಾಲೇಜಿಗೆ ಕೈಬೀಸಿದಂತಾಗಿತ್ತು. ನಮ್ಮ ಮನೆಯವರು ಕಾಫಿ ಕುಡಿಯುತ್ತ, "ಅದು ಸ್ವಾತಂತ್ರ್ಯ ಬಂದ ವರ್ಷವಲ್ಲವೇ?" ಎಂದರು. ತಂದೆಗೂ ಮಗಳಿಗೂ ಬಹಳ ಹೊತ್ತು ಚರ್ಚೆ ನಡೆಯಿತು. ಒಂದೇ ಅಂಕಿ; ಒಬ್ಬರಿಗೆ ಅದು ಬಾಲ್ಯದ ಧ್ವಜವಂದನೆ, ಇನ್ನೊಬ್ಬಳಿಗೆ ಆಕಾಶನೌಕೆ. ನೋಡುವವನು ತನ್ನ ಗಂಟಿನಿಂದ ಏನನ್ನು ಬಿಚ್ಚುತ್ತಾನೋ ಅದೇ ಅವನಿಗೆ ಸಿಕ್ಕುವ ಒಳನಗೆ.

ಆದರೆ ಇದರಲ್ಲೊಂದು ದೋಷವೂ ಇದೆ, ಅದನ್ನು ಹೇಳದಿದ್ದರೆ ಲೇಖನ ಬರಿಯ ಹೊಗಳಿಕೆಯಾದೀತು. ಗುರುತು ಹಿಡಿಯುವ ಸುಖ ಸುಲಭದ ಸುಖ. ಲೇಖಕನಿಗೆ ಅದರ ರುಚಿ ಹತ್ತಿತೆಂದರೆ ಕಥೆ ಕಟ್ಟುವ ಕಷ್ಟ ಬೇಡವೆನಿಸುತ್ತದೆ. ಅರ್ನೆಸ್ಟ್ ಕ್ಲೈನ್ ಅವರ 2011ರ 'ರೆಡಿ ಪ್ಲೇಯರ್ ಒನ್' ಮಗಳಿಗೆ ಪ್ರಿಯವಾದ ಪುಸ್ತಕ. ನನಗೆ ಅದು ರಸಪ್ರಶ್ನೆಯ ಪತ್ರಿಕೆಯಂತೆ ಕಂಡಿತು. ಪುಟಪುಟಕ್ಕೆ ಹಳೆಯ ಆಟ, ಹಳೆಯ ಹಾಡು, ಹಳೆಯ ಚಿತ್ರಗಳ ಹೆಸರು. ಉಪ್ಪಿನಕಾಯಿ ಎಷ್ಟೇ ರುಚಿಯಿರಲಿ, ಅನ್ನವೇ ಇಲ್ಲದ ಎಲೆಗೆ ಹತ್ತು ಬಗೆಯ ಉಪ್ಪಿನಕಾಯಿ ಬಡಿಸಿದರೆ ಉಣ್ಣುವುದು ಹೇಗೆ? (ನಮ್ಮ ರಾಜ್ಯೋತ್ಸವಗಳ ಕಿರುನಾಟಕಗಳಲ್ಲಿಯೂ ಒಮ್ಮೊಮ್ಮೆ ಹೀಗಾಗುವುದುಂಟು. ಸಂಘದ ಹಿರಿಯರ ನಡೆನುಡಿಯ ಅಣಕವೇ ಅರ್ಧ ಗಂಟೆ ನಡೆಯುತ್ತದೆ. ಹೊಸದಾಗಿ ಊರಿನಿಂದ ಬಂದ ಕುಟುಂಬ ಹಿಂದಿನ ಸಾಲಿನಲ್ಲಿ ಕುಳಿತು, ಉಳಿದವರು ನಕ್ಕಾಗ ತಾವೂ ನಗಬೇಕೋ ಬೇಡವೋ ಎಂದು ಅತ್ತಿತ್ತ ನೋಡುತ್ತಿರುತ್ತದೆ. ಬರೆದವರು ನನ್ನ ಮಿತ್ರರೇ, ಬೇಸರಿಸಲಾರರೆಂದು ನಂಬಿದ್ದೇನೆ.)

ಇದಕ್ಕೆ ಪ್ರತಿಯಾಗಿ ಯಕ್ಷಗಾನದ ಹಾಸ್ಯಗಾರನನ್ನು ನೆನೆಯುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿ. ರಾತ್ರಿಯಾಟದಲ್ಲಿ ರಾಕ್ಷಸರಾಜನ ಓಲಗಕ್ಕೆ ತಡವಾಗಿ ಬಂದ ದೂತ, ಬಸ್ಸು ತಪ್ಪಿತು ಒಡೆಯಾ ಎಂದು ಊರಿನ ಬಸ್ಸಿನ ಹೆಸರು ಹೇಳಿದರೆ ಗದ್ದೆಯಿಡೀ ನಗುತ್ತಿತ್ತು. ಆ ಬಸ್ಸನ್ನು ಕಾಣದ ಪರವೂರಿನವನಿಗೂ ನಗು ಬರುತ್ತಿತ್ತು, ಏಕೆಂದರೆ ರಾಕ್ಷಸನ ದೂತನಿಗೆ ಬಸ್ಸು ತಪ್ಪುವುದೇ ಸಾಕಷ್ಟು ತಮಾಷೆ. ಅದೇ ದೂತ ಇಲ್ಲಿ ದೋಹಾದ ವೇದಿಕೆಗೆ ಬಂದಾಗ ಸಾಲ್ವಾ ರಸ್ತೆಯ ವಾಹನದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಪ್ರಸಂಗ ಕೆಡುವುದಿಲ್ಲ, ಪದ್ಯ ಎತ್ತುಗಡೆಯಾದೊಡನೆ ಭಾಗವತರು ಎಲ್ಲರನ್ನೂ ಮತ್ತೆ ಪುರಾಣದೊಳಕ್ಕೆ ಎಳೆದುಕೊಂಡು ಹೋಗುತ್ತಾರೆ.

ಕತಾರಿನಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ನಮಗೆ ನಮ್ಮದೇ ಆದ ಒಳಮಾತುಗಳಿವೆ. ಹೊಸಬರಿಗೆ ದಾರಿ ಹೇಳುವಾಗ ಇಂದಿಗೂ 'ರಮಡಾ ಸಿಗ್ನಲ್' ಎನ್ನುತ್ತೇವೆ. ಅಲ್ಲಿ ರಮಡಾ ಹೋಟೆಲು ಇಲ್ಲ. ಅದು ರ‍್ಯಾಡಿಸನ್ ಆಗಿ ಬಹಳ ವರ್ಷಗಳಾದವು. ಹಳಬರು ಇನ್ನೂ ರೌಂಡ್‌ಅಬೌಟುಗಳ ಹೆಸರು ಹಿಡಿದು ದಾರಿ ಹೇಳುತ್ತಾರೆ. ಅವುಗಳಲ್ಲಿ ಎಷ್ಟೋ ಸಿಗ್ನಲುಗಳಾಗಿ ಮಾರ್ಪಟ್ಟಿವೆ. ಮೂಲ ಅಳಿದ ಮೇಲೂ ಉಲ್ಲೇಖ ಉಳಿದಿರುವ ಊರು ಇದು. ಅದರ ಜೊತೆಗೆ, ಉಲ್ಲೇಖವನ್ನು ಬಲ್ಲವರೇ ಹೊರಟುಹೋಗುವ ಊರೂ ಹೌದು. ಇಂದು ನಮ್ಮೊಡನೆ ಕುಳಿತು ಒಂದು ಮಾತಿಗೆ ಹೊಟ್ಟೆ ಹಿಡಿದು ನಕ್ಕವರು ಬರುವ ಜೂನಿನಲ್ಲಿ ಕೆಲಸ ಮುಗಿಸಿ ಊರಿಗೋ ಕೆನಡಾಕ್ಕೋ ಸಾಗುತ್ತಾರೆ. ವಿಮಾನ ನಿಲ್ದಾಣದಿಂದ ಮರಳಿ ಬರುವಾಗ ಕಾರಿನಲ್ಲಿ ಯಾರೂ ಮಾತಾಡುವುದಿಲ್ಲ. ಎರಡು ಕುಟುಂಬಗಳು ಸೇರಿ ಹನ್ನೆರಡು ವರ್ಷದಲ್ಲಿ ಕಟ್ಟಿದ ತಮಾಷೆಗಳ ಒಂದು ನಿಘಂಟು ಅಂದಿನಿಂದ ಅರ್ಧಕ್ಕರ್ಧ ಕೆಲಸಕ್ಕೆ ಬಾರದಾಗಿರುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸುವ ಕಾರ್ಗೋದವರು ಇನ್ನೂ ಹುಟ್ಟಿಲ್ಲ.

ಮಗಳು ಬರೆಯುತ್ತಿರುವ ಕಥೆ ಇಪ್ಪತ್ತನಾಲ್ಕನೆಯ ಶತಮಾನದ್ದು. ನಾಯಕಿ ದೋಹಾದಿಂದ ಹೊರಟ ಒಂದು ಚಿಕ್ಕ ಸರಕು ನೌಕೆಯ ಚಾಲಕಿ. ನೌಕೆಯ ಗಣಕ ಹಳೆಯದು, ದಾರಿ ಹೇಳುವಾಗಲೆಲ್ಲ 'ರಮಡಾದಲ್ಲಿ ಎಡಕ್ಕೆ' ಎನ್ನುತ್ತದೆ, ಸುತ್ತ ಶೂನ್ಯ ಆಕಾಶವಲ್ಲದೆ ಏನೂ ಇರುವುದಿಲ್ಲ. ಇದನ್ನು ಓದಿ ನಮ್ಮ ಮನೆಯವರು ನಕ್ಕಷ್ಟು ಇತ್ತೀಚೆಗೆ ಇನ್ನಾವುದಕ್ಕೂ ನಕ್ಕಿಲ್ಲ. ಆ ನೌಕೆಯಲ್ಲಿ ನಕ್ಷೆಯೋ ಬೀಗದ ಕೈಯೋ ಕಾಣೆಯಾದರೆ ಯಂತ್ರಮಾನವ ಹೇಳುವುದು ಒಂದೇ ಮಾತು: ಕಾವೇರಿ ತಿಂದಿರಬೇಕು. ಕಾವೇರಿ ಯಾರು, ಎಲ್ಲಿದ್ದಾಳೆ, ಏಕೆ ತಿನ್ನುತ್ತಾಳೆ ಎಂಬುದು ಕಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಬರೆಯದಿದ್ದರೂ ನಮಗೆ ಗೊತ್ತು. ಕಾವೇರಿ ನನ್ನ ತವರುಮನೆಯ ಹಸು. ಅಮ್ಮ ದಿನವೂ ಮರೆಯದೆ ಕೊಡುತ್ತಿದ್ದ ಅಕ್ಕಚ್ಚು (ಘಟ್ಟದ ಮೇಲಿನವರು ಕಲಗಚ್ಚು ಎನ್ನುತ್ತೀರಿ) ಕುಡಿದು, ಹುಲ್ಲು ಮೆದ್ದು, ಅಷ್ಟೂ ಸಾಲದೆ ಕಾಗದವೆಂದರೆ ಪ್ರಾಣ ಬಿಡುತ್ತಿತ್ತು. ಒಂದು ಮಳೆಗಾಲದಲ್ಲಿ ಒದ್ದೆಯಾಗಿದ್ದ ತೋಟದ ತೆರಿಗೆ ರಸೀದಿಗಳನ್ನು ಅಪ್ಪ ಜಗಲಿಯಲ್ಲಿ ಒಣಗಲು ಹರಡಿದ್ದರು. ಅವರು ಎಲೆ ಅಡಿಕೆಗೆಂದು ಒಳಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ವರ್ಷದ ತೆರಿಗೆ ಕಾವೇರಿಯ ಹೊಟ್ಟೆ ಸೇರಿತ್ತು. ಕಚೇರಿಯಲ್ಲಿ ಕೇಳಿದಾಗ ಅಪ್ಪ ಇದ್ದದ್ದನ್ನು ಇದ್ದಂತೆ, "ಕಾವೇರಿ ತಿಂದಳು" ಎಂದರಂತೆ. ಗುಮಾಸ್ತರು ಗಂಭೀರವಾಗಿ, "ಕಾವೇರಿ ಎಂದರೆ ತಮಗೆ ಏನಾಗಬೇಕು? ಸೊಸೆಯೇ?" ಎಂದು ವಿಚಾರಿಸಿದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಕಳೆದುಹೋದದ್ದೆಲ್ಲ ಕಾವೇರಿಯ ಲೆಕ್ಕಕ್ಕೆ. ಅಪ್ಪ ಹೋದರು, ಕಾವೇರಿಯೂ ಹೋದಳು, ಹಟ್ಟಿ ಬರಿದಾಯಿತು. ಮಾತು ಮಾತ್ರ ನನ್ನೊಡನೆ ವಿಮಾನ ಹತ್ತಿ ಇಲ್ಲಿಗೆ ಬಂದು, ಹಸುವನ್ನು ಒಮ್ಮೆಯೂ ಕಾಣದ ಮಗಳ ನಾಲಿಗೆಗೆ ಅಂಟಿಕೊಂಡಿತು.

ಕಥೆಯ ಕೊನೆಯಲ್ಲಿ ಎರಡು ಸಾಲಿನ ವಿವರಣೆ ಕೊಡೆಂದು ನಾನು ಹೇಳಿದೆ. ಅಜ್ಜನ ಹೆಸರಾದರೂ ಉಳಿಯಲಿ ಎಂಬ ಆಸೆ. ಅವಳು ಒಪ್ಪಲಿಲ್ಲ. "ವಿವರಿಸಿದರೆ ಅದು ನಮ್ಮ ಹಸುವಷ್ಟೇ ಆಗ್ತದೆ ಅಮ್ಮ. ಈಗ ಅವಳು ಏನು ಬೇಕಾದರೂ ಆಗಬಹುದು" ಎಂದಳು. ಅವಳ ಕಥೆ ಓದುವ ಗೆಳತಿಯರು ಮೂವರು: ಒಬ್ಬಳು ಕೋಯಿಕ್ಕೋಡಿನವಳು, ಒಬ್ಬಳು ಸೂಡಾನಿನವಳು, ಒಬ್ಬಳು ಫಿಲಿಪೀನ್ಸಿನವಳು. ಸೂಡಾನಿನ ಹುಡುಗಿಯ ವಾದ, ಕಾವೇರಿ ಎಂದರೆ ನೌಕೆಯ ಹಿಂದೆ ಬಿದ್ದಿರುವ ಕೃಷ್ಣರಂಧ್ರ. ಫಿಲಿಪೀನ್ಸಿನವಳಿಗೆ ಅದು ನೌಕೆಯನ್ನು ಕಾಯುವ ದೇವತೆ, ಕಾಗದ ಅವಳ ನೈವೇದ್ಯ. ಕೋಯಿಕ್ಕೋಡಿನವಳು ಮಾತ್ರ, ಅದು ಹೊಳೆಯ ಹೆಸರಲ್ಲವೇ, ನೌಕೆಯಲ್ಲಿ ನೀರು ಸೋರುತ್ತಿರಬೇಕು ಎನ್ನುತ್ತಾಳಂತೆ. ಶಾಲೆಯಲ್ಲಿ ಮನೆಗೆಲಸದ ಪುಸ್ತಕ ಮರೆತು ಬಂದವರು ಈಗ ಕಾವೇರಿಯ ಮೇಲೆ ಹೊರಿಸುತ್ತಾರೆಂದು ಕೇಳಿದೆ. ಪೊಮೋನಾದಿಂದ 47 ಹೊರಟದ್ದೂ ಹೀಗೆಯೇ ಇದ್ದಿರಬೇಕು. ವಿವರಣೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನಾನೇನೂ ಬಿಟ್ಟುಕೊಟ್ಟಿಲ್ಲ. ಕಥೆಯಲ್ಲಿ ಬೇಡವಾದರೆ ಬೇಡ. ರಸೀದಿಯ ಸಂಗತಿಯನ್ನು ಇಲ್ಲಿ ನಾನೇ ಬರೆದಿಟ್ಟಿದ್ದೇನೆ.

ಎರಡು ವರ್ಷಗಳಿಂದ ಅಮ್ಮನ ನೆನಪು ಸವೆಯುತ್ತಿದೆ. ಶುಕ್ರವಾರಗಳಂದು ಫೋನಿನ ಪರದೆಯಲ್ಲಿ ಮುಖ ತೋರಿಸಿದರೆ ನನ್ನನ್ನು ಕೆಲವೊಮ್ಮೆ ತಮ್ಮ ತಂಗಿಯ ಹೆಸರಿನಿಂದ ಕರೆಯುತ್ತಾರೆ. ಮೊಮ್ಮಗಳನ್ನು ಮಾತ್ರ ಇನ್ನೂ ಗುರುತಿಸುತ್ತಾರೆ. ಕಳೆದ ತಿಂಗಳು ಅವಳು ತನ್ನ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಅಕ್ಷರವಿರದ ಯಂತ್ರ, ಆಕಾಶದಲ್ಲಿ ದಾರಿ ತಪ್ಪಿದ ಹುಡುಗಿ ಎಂದೆಲ್ಲ ನಿಧಾನವಾಗಿ ಬಿಡಿಸಿ ಹೇಳುತ್ತ ಕಾವೇರಿಯ ಮಾತಿಗೆ ಬಂದಾಗ ಅವಳ ಧ್ವನಿ ಸ್ವಲ್ಪ ಏರಿತು. ಅಜ್ಜಿ ಈಗ ನಗುತ್ತಾರೆ ಎಂದು ಅವಳಿಗೆ ಖಾತ್ರಿಯಿತ್ತು. ಇಡೀ ಜಗತ್ತಿನಲ್ಲಿ ಆ ನಗೆಗೆ ಎಲ್ಲರಿಗಿಂತ ಮೊದಲಿನ ಹಕ್ಕುದಾರರು ಅವರೇ ಅಲ್ಲವೇ.

"ಯಾವ ಕಾವೇರಿ, ಮಗಾ?" ಎಂದರು ಅಮ್ಮ.

ಮಗಳು ಒಮ್ಮೆ ನನ್ನ ಕಡೆ ನೋಡಿದಳು. ನಮ್ಮ ಹಟ್ಟಿಯ ಕಾವೇರಿ ಅಮ್ಮಾ, ರಸೀದಿ ತಿಂದವಳು ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ನೆನಪಿಲ್ಲವೇ ಎಂದು ಕೇಳಿದಾಗಲೆಲ್ಲ ಅಮ್ಮನ ಮುಖದಲ್ಲಿ ಮೂಡುವ ಗಾಬರಿಯನ್ನು ನಾವಿಬ್ಬರೂ ಬಲ್ಲೆವು. ಅವಳು ನನಗಿಂತ ಮೊದಲೇ ಹೇಳಿಬಿಟ್ಟಳು: "ನಮ್ಮ ನೌಕೆಯಲ್ಲಿ ಇದ್ದಾಳೆ ಅಜ್ಜಿ. ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಗದ ಸಿಕ್ಕಿದರೆ ತಿಂದುಬಿಡ್ತಾಳೆ."

"ಕಾಗದ ತಿನ್ನುದಾ!" ಅಮ್ಮ ನಕ್ಕರು. ಹಲ್ಲಿಲ್ಲದ ಬಾಯಿ ತುಂಬ, ಹೊಚ್ಚಹೊಸ ಮಾತೊಂದನ್ನು ಕೇಳಿದವರ ಹಾಗೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂದಿನ ಮನೆವಾರ್ತೆಯ ಧ್ವನಿಯಲ್ಲಿ ಹೇಳಿದರು: "ಅವಳಿಗೆ ಹಸಿವು ಮಾರಾಯ್ತಿ, ಅದಕ್ಕೇ ತಿನ್ನುದು. ಬೈಬೇಡಿ. ಸಂಜೆಗೆ ಒಂದು ಬಾಲ್ದಿ ಅಕ್ಕಚ್ಚು ಇಟ್ಟರೆ ಸರಿ ಆಗ್ತಾಳೆ."

ಕಾವೇರಿ ಹಸುವೆಂದು ನಾವು ಯಾರೂ ಹೇಳಿರಲಿಲ್ಲ.

ಕಥೆಯ ಮುಂದಿನ ಭಾಗವನ್ನು ಮಗಳು ಈ ವಾರ ಮುಗಿಸಿದಳು. ಅದರಲ್ಲಿ ಯಂತ್ರಮಾನವ ದಿನವೂ ಸಂಜೆ, ಯಾರ ಅಪ್ಪಣೆಯೂ ಇಲ್ಲದೆ, ನೌಕೆಯ ಹಿಂಬಾಗಿಲ ಬಳಿ ಒಂದು ಬಾಲ್ದಿಯನ್ನು ತುಂಬಿಸಿಡುತ್ತದೆ. ಬೆಳಗಾಗುವಾಗ ಬಾಲ್ದಿ ಬರಿದಾಗಿರುತ್ತದೆ.